ಫಾರಂಗೆ ಸಹಿ ಹಾಕಿದ ಮೇಲೆ ನೀರಿನೊಳಗೆ ಹೊಣೆ ಯಾರದು?

ಪ್ರಶ್ನೆ: ಹೋದ ಜನವರಿಯಲ್ಲಿ ನಾವು ನಾಲ್ವರು ಗೆಳೆಯರು ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಇಳಿಯುವ ಡೈವಿಂಗ್, ಮಾಡಿದೆವು. ಬೋಟು ಹತ್ತುವ ಮೊದಲು ಇಂಗ್ಲಿಷ್ ಫಾರಂ ಕೊಟ್ಟರು. ಓದದೆ ಸಹಿ ಹಾಕಿದೆವು. ಮನೆಗೆ ಬಂದು ಅದರ ಫೋಟೋ ನೋಡಿದರೆ, ಗಾಯವಾದರೂ ಸತ್ತರೂ ನಾನೇ ಹೊಣೆ ಅಂತ ಅದರಲ್ಲಿದೆ. ಆರೋಗ್ಯದ ಪ್ರಶ್ನೆಗಳಿಗೆಲ್ಲ ‘ಇಲ್ಲ’ ಅಂತ ಟಿಕ್ ಮಾಡಿದ್ದೆ. ನಿಜ ಹೇಳಬೇಕೆಂದರೆ ನನಗೆ ಚಿಕ್ಕಂದಿನಿಂದ ಉಬ್ಬಸ ಇದೆ. ಈಗ ಕಡಿಮೆ, ಆದರೆ ಚಳಿಗಾಲದಲ್ಲಿ ಇನ್‌ಹೇಲರ್ ಬೇಕಾಗುತ್ತದೆ. ಅದನ್ನು ಬರೆದರೆ ನೀರಿಗೆ ಇಳಿಸುವುದಿಲ್ಲ ಅಂತ ಗೆಳೆಯ ಹೇಳಿದ್ದ. ಬರುವ ಡಿಸೆಂಬರ್‌ನಲ್ಲಿ ಅಂಡಮಾನ್‌ಗೆ ಹೋಗಿ ಡೈವಿಂಗ್ ಕಲಿಸುವ ಓಪನ್ ವಾಟರ್ ಕೋರ್ಸ್ ಮಾಡುವ ಆಸೆ ಇದೆ. ಅವ್ವ ಬೇಡವೇ ಬೇಡ ಅನ್ನುತ್ತಿದ್ದಾಳೆ. ಸಹಿ ಹಾಕಿದ ಮೇಲೆ ಎಲ್ಲ ಹೊಣೆಯೂ ನಮ್ಮದೇನಾ? ಹಾಗಾದರೆ ಇನ್‌ಸ್ಟ್ರಕ್ಟರ್ ಇರುವುದು ಯಾಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸಹಿಯ ಮಾತು ಆಮೇಲೆ ಆಡೋಣ. ಮೊದಲು ನಿಮ್ಮ ಉಬ್ಬಸ. ಪತ್ರ ಓದುವಾಗ ನನ್ನ ಎದೆ ಧಸಕ್ ಅಂದಿದ್ದು ಆ ಸಾಲಿಗೆ.

ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡರಷ್ಟಾಗುತ್ತದೆ. 20 ಮೀಟರ್‌ನಲ್ಲಿ ಮೂರರಷ್ಟು. ಬಾಯಲ್ಲಿ ಕಚ್ಚಿಕೊಂಡ ರೆಗ್ಯುಲೇಟರ್ ಆಯಾ ಆಳದ ಒತ್ತಡಕ್ಕೆ ಸಮನಾಗಿ ಗಾಳಿ ಕೊಡುತ್ತದೆ. ಹಾಗಾಗಿಯೇ ಕೆಳಗೆ ಆರಾಮಾಗಿ ಉಸಿರಾಡಬಹುದು. ತೊಂದರೆ ಇರುವುದು ಮೇಲೆ ಬರುವಾಗ. 10 ಮೀಟರ್ ಆಳದಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ, ನೀರಿನ ಮೇಲೆ ಬರುವ ಹೊತ್ತಿಗೆ ಎರಡು ಎದೆಯಷ್ಟಾಗುತ್ತದೆ. ಉಸಿರಾಡುತ್ತಾ ಬಂದರೆ ಜಾಸ್ತಿಯಾದ ಗಾಳಿ ತಾನಾಗಿ ಹೊರಗೆ ಹೋಗುತ್ತದೆ. ಅದಕ್ಕೇ ಸ್ಕೂಬಾದ ಮೊದಲ ಪಾಠ, ಉಸಿರು ಹಿಡಿಯಬೇಡಿ ಅನ್ನುವುದು. ಉಬ್ಬಸ ಇದ್ದವರ ಶ್ವಾಸನಾಳ ಒಮ್ಮೆಲೇ ಕಿರಿದಾದರೆ ಶ್ವಾಸಕೋಶದ ಒಂದು ಮೂಲೆಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ನೀವು ಉಸಿರು ಬಿಡುತ್ತಲೇ ಇರುತ್ತೀರಿ, ಆ ಮೂಲೆಯದು ಮಾತ್ರ ಹೊರಗೆ ಬರುವುದಿಲ್ಲ. ಅಲ್ಲೇ ಹಿಗ್ಗುತ್ತದೆ, ಪೊರೆ ಹರಿಯುತ್ತದೆ, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿನವರೆಗೂ ಹೋಗಬಹುದು. ಇದಕ್ಕೆ ತುಂಬಾ ಆಳವೇನೂ ಬೇಡ. ಎದೆ ತುಂಬ ಗಾಳಿ ಹಿಡಿದುಕೊಂಡರೆ ಈಜುಕೊಳದ ಆಳವೂ ಸಾಕು.

ಇನ್ನೊಂದು ವಿಷಯ. ಸಿಲಿಂಡರ್ ತುಂಬುವಾಗ ಗಾಳಿಯಲ್ಲಿನ ತೇವವನ್ನೆಲ್ಲ ತೆಗೆದಿರುತ್ತಾರೆ. ಅದು ಒಣ ಗಾಳಿ, ಸ್ವಲ್ಪ ತಣ್ಣಗೂ ಇರುತ್ತದೆ. ಅದರ ಜೊತೆ ಸೆಳೆತಕ್ಕೆ ಎದುರಾಗಿ ಕಾಲು ಬಡಿಯುವ ಶ್ರಮ, ಹೊಸ ಜಾಗದ ಗಾಬರಿ. ನಿಮಗೆ ಚಳಿಗಾಲದಲ್ಲಿ ಯಾವುದರಿಂದ ಎದೆ ಬಿಗಿಯುತ್ತದೋ ಹೆಚ್ಚುಕಡಿಮೆ ಅದೇ ಸನ್ನಿವೇಶ ನೀರಿನ ಕೆಳಗೆ ಇರುತ್ತದೆ. ಅಲ್ಲಿ ಇನ್‌ಹೇಲರ್ ಇಲ್ಲ.

ಇಷ್ಟು ಓದಿ ಡೈವಿಂಗ್ ಆಸೆಯನ್ನೇ ಬಿಡಬೇಡಿ. ಫಾರಂನಲ್ಲಿ ‘ಹೌದು’ ಅಂತ ಬರೆದರೆ ಬಾಗಿಲು ಮುಚ್ಚಿತು ಅಂತ ನಿಮ್ಮ ಗೆಳೆಯ ತಿಳಿದಿದ್ದಾರೆ. ಹಾಗಿಲ್ಲ. ‘ಹೌದು’ ಅಂದರೆ ಡಾಕ್ಟರ್ ಒಮ್ಮೆ ನೋಡಬೇಕು ಅಂತ ಅರ್ಥ. ಶ್ವಾಸಕೋಶದ ಡಾಕ್ಟರು ಊದುವ ಪರೀಕ್ಷೆ ಮಾಡುತ್ತಾರೆ, ಓಡಿಸಿ ಮತ್ತೆ ಊದಿಸುತ್ತಾರೆ. ಉಬ್ಬಸ ಹತೋಟಿಯಲ್ಲಿದೆ ಅಂತ ಕಂಡರೆ ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ಬಂದ ಉಬ್ಬಸದವರಿಗೆ ನಾನೇ ಕಲಿಸಿದ್ದೇನೆ. ಬೇಡ ಅಂದವರೂ ಇದ್ದಾರೆ. ಬೇಡ ಅಂದರೆ ಅಲ್ಲಿಗೆ ನಿಲ್ಲಿಸಿ. ಇನ್ನೊಬ್ಬ ಡಾಕ್ಟರನ್ನು ಹುಡುಕಿಕೊಂಡು ಹೋಗಬೇಡಿ.

ಹೋದ ಜನವರಿಯಲ್ಲಿ ಏನೂ ಆಗಲಿಲ್ಲ, ಸಂತೋಷ. ಆದರೆ ಅವತ್ತು ನಿಮ್ಮ ಸಿಲಿಂಡರ್ ಹಿಡಿದುಕೊಂಡಿದ್ದ ಇನ್‌ಸ್ಟ್ರಕ್ಟರ್‌ಗೆ ತಾನು ಯಾರನ್ನು ಕರೆದುಕೊಂಡು ಹೋಗುತ್ತಿದ್ದೇನೆ ಅಂತಲೇ ಗೊತ್ತಿರಲಿಲ್ಲ. ನೀವು ಎದೆ ಮುಟ್ಟಿ ತೋರಿಸಿದ್ದರೆ ಅವರು ಗಾಬರಿ ಅಂದುಕೊಳ್ಳುತ್ತಿದ್ದರು, ಸಮಾಧಾನ ಮಾಡುತ್ತಾ ಅಲ್ಲೇ ನಿಲ್ಲುತ್ತಿದ್ದರು. ಉಬ್ಬಸ ಅಂತ ಗೊತ್ತಿದ್ದರೆ ಆ ಕ್ಷಣವೇ ಮೇಲಕ್ಕೆ ಹೊರಡುತ್ತಿದ್ದರು. ನೀವು ಒಂದು ಟಿಕ್‌ನಿಂದ ಅವರ ಕೈಯಿಂದ ಕಿತ್ತುಕೊಂಡಿದ್ದು ಆ ತಿಳಿವಳಿಕೆಯನ್ನು. ಕೋಪದಿಂದ ಹೇಳುತ್ತಿಲ್ಲ. ಇಂಥ ಸುಳ್ಳನ್ನು ನಾನೂ ಹೇಳಿದ್ದೇನೆ, ಆ ಕತೆ ಮುಂದೆ ಬರುತ್ತದೆ.

ಈಗ ಸಹಿಗೆ ಬರೋಣ. ಅವತ್ತು ನಿಮ್ಮ ಕೈಗೆ ಕೊಟ್ಟಿದ್ದರಲ್ಲಿ ಎರಡು ಬೇರೆ ಬೇರೆ ವಿಷಯಗಳಿದ್ದವು. ಒಂದು, ನಿಮ್ಮ ಮೈಯ ಬಗ್ಗೆ ನೀವು ಅವರಿಗೆ ಹೇಳುವುದು. ಇನ್ನೊಂದು, ಅಪಾಯದ ಬಗ್ಗೆ ಅವರು ನಿಮಗೆ ಹೇಳುವುದು. ಎರಡನೆಯದನ್ನು ಓದಿ ನೀವು ಹೆದರಿದ್ದೀರಿ. ನನ್ನ ಪ್ರಕಾರ ಮೊದಲನೆಯದೇ ಹೆಚ್ಚು ತೂಕದ್ದು, ಯಾಕೆಂದರೆ ಅದು ಅಪಘಾತವನ್ನೇ ತಡೆಯಬಲ್ಲದು. ಹೊಣೆಯ ಹಾಳೆ ಕೆಲಸಕ್ಕೆ ಬರುವುದು ಎಲ್ಲ ಮುಗಿದ ಮೇಲೆ, ಕೋರ್ಟಿನಲ್ಲಿ.

ಅಲ್ಲೂ ಅದು ಅಂದುಕೊಂಡಷ್ಟು ಗಟ್ಟಿ ಗೋಡೆ ಅಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರನ್ನು ಪ್ರಶ್ನಿಸುವ ದಾರಿ ಇದೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾಗುವುದು ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ಅಪರಾಧ. ಸತ್ತವರು ಮೊದಲೇ ಸಹಿ ಹಾಕಿದ್ದರು ಅಂತ ಆ ಅಪರಾಧ ಅಳಿಸಿಹೋಗುವುದಿಲ್ಲ. ವಿವರಕ್ಕೆ ವಕೀಲರನ್ನು ಕೇಳಿ. ನಾನು ಹೇಳಬಲ್ಲದ್ದು ಸಮುದ್ರದ ಕಡೆಯದು.

ನೀವು ಸಹಿ ಹಾಕಿ ಒಪ್ಪಿಕೊಳ್ಳುವ ಅಪಾಯ ಯಾವುದು? ಸಮುದ್ರದ್ದು. ಅಲೆ ಏಳಬಹುದು. ಸೆಳೆತ ತಿರುಗಬಹುದು. ನೀರು ಮಬ್ಬಾಗಿ ಮುಂದಿನವರ ಫಿನ್ ಕಾಣದೇ ಹೋಗಬಹುದು. ಕಿವಿ ನೋಯಬಹುದು, ಬಂಡೆಗೆ ಮೊಣಕೈ ತರಚಬಹುದು. ಎಷ್ಟು ಎಚ್ಚರವಾಗಿದ್ದರೂ ನೀರಿನ ಕೆಳಗೆ ಉಸಿರಾಡುವುದು ಮನುಷ್ಯನ ಸಹಜ ಸ್ಥಿತಿ ಅಲ್ಲ. ಇವಿಷ್ಟು ನಿಮ್ಮ ಲೆಕ್ಕಕ್ಕೆ. ಕೆಟ್ಟ ಸಿಲಿಂಡರ್, ಸೋರುವ ರೆಗ್ಯುಲೇಟರ್, ತಲೆ ಎಣಿಸದ ಬೋಟು, ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಂಟು ಜನ ಹೊಸಬರು. ಇವನ್ನು ನೀವು ಒಪ್ಪಿಲ್ಲ. ಒಪ್ಪಲೂಬಾರದು. ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳಲು ಆಗುವುದೇ ಇಲ್ಲ, ಅಲ್ವಾ?

ತಲೆ ಎಣಿಸುವುದು ಸಣ್ಣ ಕೆಲಸ ಅನಿಸಬಹುದು. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಮೆರಿಕದ ಗಂಡ ಹೆಂಡತಿ ಇಬ್ಬರು ಡೈವ್ ಮಾಡುತ್ತಿದ್ದರು. ಅವರು ಹತ್ತುವ ಮೊದಲೇ ಬೋಟು ದಡಕ್ಕೆ ಹೊರಟುಹೋಯಿತು. ಅವರ ಚೀಲ ಬೋಟಿನಲ್ಲೇ ಉಳಿದಿತ್ತು. ಇಬ್ಬರು ಕಡಿಮೆ ಇದ್ದಾರೆ ಅಂತ ಗೊತ್ತಾಗಿದ್ದು ಎರಡು ದಿನ ಕಳೆದ ಮೇಲೆ. ಹುಡುಕಿದರೂ ಅವರು ಸಿಗಲೇ ಇಲ್ಲ. ಆ ದಂಪತಿ ಅನುಭವಿ ಡೈವರ್‌ಗಳು, ಸಮುದ್ರದ ಅಪಾಯ ತಿಳಿದೇ ಇಳಿದವರು. ಬಿಟ್ಟು ಹೋಗುತ್ತಾರೆ ಅನ್ನುವುದು ಆ ಅಪಾಯದ ಪಟ್ಟಿಯಲ್ಲಿ ಇರಲಿಲ್ಲ. ಇದಾದ ಮೇಲೆ ಅಲ್ಲಿನ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಎಣಿಕೆಯ ನಿಯಮಗಳು ಬಿಗಿಯಾದವು.

ಇನ್ನೊಂದು, 2019ರ ಸೆಪ್ಟೆಂಬರ್ 2ರ ನಸುಕಿನದು. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್ ದ್ವೀಪದ ಬಳಿ ಲಂಗರು ಹಾಕಿದ್ದ ಕನ್ಸೆಪ್ಷನ್ ಎಂಬ ಡೈವಿಂಗ್ ಬೋಟಿಗೆ ಬೆಂಕಿ ಬಿತ್ತು. ಕೆಳ ಅಂತಸ್ತಿನಲ್ಲಿ ಮಲಗಿದ್ದ 34 ಜನ ಸತ್ತರು. ರಾತ್ರಿ ಎದ್ದು ತಿರುಗುತ್ತಾ ಕಾವಲು ಇರಬೇಕಿದ್ದ ಒಬ್ಬನೂ ಇರಲಿಲ್ಲ. ಕ್ಯಾಪ್ಟನ್‌ಗೆ 2023ರಲ್ಲಿ ತಪ್ಪಿತಸ್ಥ ಅಂತ ತೀರ್ಪಾಗಿ, ಮರುವರ್ಷ 4 ವರ್ಷ ಶಿಕ್ಷೆಯಾಯಿತು. ಆ 34 ಜನರಲ್ಲಿ ಒಬ್ಬರೂ ನೀರಿನಲ್ಲಿ ಸಾಯಲಿಲ್ಲ ಅನ್ನುವುದನ್ನು ಗಮನಿಸಿ. ಡೈವರ್ ತನ್ನ ಗಾಳಿಯನ್ನು ತಾನು ನೋಡಿಕೊಳ್ಳಬಲ್ಲ. ನಿದ್ದೆಯಲ್ಲಿದ್ದಾಗ ಬೋಟನ್ನು ಕಾಯಲು ಅವನಿಂದ ಆಗುವುದಿಲ್ಲ. ಅದು ಬೋಟಿನವರ ಕೆಲಸ, ಯಾವ ಫಾರಂ ಇದ್ದರೂ.

ನೇತ್ರಾಣಿಗೆ ಬರೋಣ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ದ್ವೀಪ ಅದು. ನೀವು ಮಾಡಿದ್ದು ಮೊದಲ ಪರಿಚಯದ ಡೈವ್. ಅದರ ಆಳದ ಮಿತಿ 12 ಮೀಟರ್. ಅಂಥ ಡೈವ್‌ನಲ್ಲಿ ಹೆಚ್ಚಿನ ಹೊಣೆ ಇನ್‌ಸ್ಟ್ರಕ್ಟರ್‌ದೇ. ಸಿಲಿಂಡರ್‌ನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಗೇಜ್ ಓದಲು ನಿಮಗೆ ಬರುವುದಿಲ್ಲ, ತೇಲುವುದು ಮುಳುಗುವುದನ್ನು ಹತೋಟಿಯಲ್ಲಿಡುವ ಬಿಸಿಡಿ ಜಾಕೆಟ್‌ಗೆ ಎಷ್ಟು ಗಾಳಿ ತುಂಬಬೇಕು ಗೊತ್ತಿಲ್ಲ, ಸಾಮಾನು ಸರಿ ಇದೆಯೋ ಇಲ್ಲವೋ ನೋಡಿದರೆ ತಿಳಿಯುವುದಿಲ್ಲ. ಆ ಮೂರನ್ನೂ ಅವರು ಮಾಡಬೇಕು. ನಿಮ್ಮ ಪಾಲಿಗೆ ಉಳಿಯುವುದು ಕೆಲವೇ ಕೆಲಸ. ಮೈಯ ಬಗ್ಗೆ ನಿಜ ಹೇಳುವುದು. ಬ್ರೀಫಿಂಗ್ ನಡೆಯುವಾಗ ಮೊಬೈಲ್ ಒಳಗಿಟ್ಟು ಕೇಳುವುದು. ಉಸಿರು ಹಿಡಿಯದೆ ಇರುವುದು. ಕಿವಿ ಬಿಗಿಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದುವುದು, ಕಿವಿ ಬಿಡದಿದ್ದರೆ ಕೆಳಗೆ ಹೋಗದೆ ಇನ್‌ಸ್ಟ್ರಕ್ಟರ್‌ಗೆ ತೋರಿಸುವುದು. ಹಿಂದಿನ ರಾತ್ರಿ ಕುಡಿಯದೆ ಮಲಗುವುದು. ಗೋಕರ್ಣ, ಮುರುಡೇಶ್ವರ ಅಂತ ಗೆಳೆಯರ ಗುಂಪು ಬಂದಾಗ ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ.

ಜೊತೆಗೆ ಕೇಳುವುದು. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ನಮ್ಮವರು ಸುಮ್ನೆ ಇರುತ್ತಾರೆ. ನೀರಿನೊಳಗೆ ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ ಅಂತ ಕೇಳಿ. ಡೈವಿಂಗ್ ಕಲಿಕೆಗೆ ನಿಯಮ ಮಾಡಿ ಕಾರ್ಡ್ ಕೊಡುವ ಪಾಡಿ ಸಂಸ್ಥೆಯ ನಿಯಮದಂತೆ ಪರಿಚಯದ ಡೈವ್‌ಗೆ ಕಡಲಿನಲ್ಲಿ ಹೆಚ್ಚೆಂದರೆ ನಾಲ್ವರು. ನೀರು ಮಬ್ಬಿದ್ದರೆ ನಾನು ಒಬ್ಬರನ್ನೇ ಕರೆದುಕೊಂಡು ಹೋಗುತ್ತೇನೆ. ಬೋಟಿನಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯಾ, ಮಾಸ್ಕ್ ಜೊತೆಗಿದೆಯಾ, ತೋರಿಸಿ ಅನ್ನಿ. ಒತ್ತಡದಿಂದ ಆಗುವ ತೊಂದರೆಗೆ ಮೊದಲ ಚಿಕಿತ್ಸೆಯೇ ಶುದ್ಧ ಆಮ್ಲಜನಕ. ಏನಾದರೂ ಆದರೆ ಯಾವ ಆಸ್ಪತ್ರೆಗೆ, ಎಷ್ಟು ಹೊತ್ತಿನಲ್ಲಿ, ಯಾರಿಗೆ ಫೋನು? ಇದಕ್ಕೆ ಥಟ್ಟನೆ ಉತ್ತರ ಬರಬೇಕು. ಕಷ್ಟಪಟ್ಟು ಕೆಲಸ ಮಾಡುವ ಇನ್‌ಸ್ಟ್ರಕ್ಟರ್‌ಗೆ ಇಂಥ ಪ್ರಶ್ನೆ ಕೇಳುವ ಗಿರಾಕಿ ಅಂದರೆ ಪ್ರೀತಿ. ಅವರು ಮುಖ ಗಂಟು ಹಾಕಿಕೊಂಡರೆ ನಿಮಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿತು.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಂದು ಕಡೆ, ಹಬ್ಬದ ರಜೆಯ ದಿನ, ಒಮ್ಮೆಲೇ ಆರು ಜನ ಹೊಸಬರನ್ನು ನನ್ನ ಕೈಗೆ ಕೊಟ್ಟರು. ಆಗುವುದಿಲ್ಲ ಅಂದೆ. ಎಲ್ಲರೂ ಸಹಿ ಹಾಕಿದ್ದಾರಲ್ಲ, ಕರೆದುಕೊಂಡು ಹೋಗು ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಆ ಆರು ಜನ ಸಹಿ ಹಾಕುವಾಗ ಅವರಿಗೆ ಆರು ಜನಕ್ಕೆ ಒಬ್ಬನೇ ಅಂತ ಯಾರೂ ಹೇಳಿರಲಿಲ್ಲ. ನಾನು ಮೂರು ಸಲ ಇಬ್ಬಿಬ್ಬರನ್ನು ಕರೆದುಕೊಂಡು ಇಳಿದೆ. ಸಂಜೆ ಆಯಿತು, ಬೈಗುಳವೂ ಆಯಿತು. ಆ ಸೀಸನ್ ಮುಗಿಸಿ ಬೇರೆ ಕಡೆ ಹೋದೆ.

ನಿಮ್ಮ ಅಂಡಮಾನ್ ಕೋರ್ಸಿನ ಕತೆ ಬೇರೆ. ಅಲ್ಲಿ ಹೊಣೆ ದಿನದಿಂದ ದಿನಕ್ಕೆ ಅವರ ಕೈಯಿಂದ ನಿಮ್ಮ ಕೈಗೆ ಬರುತ್ತದೆ. ಕೋರ್ಸ್ ಅಂದರೆ ಅದೇ. ಮೊದಲಿಗೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಈಜು ಬಾರದಿದ್ದರೆ ಈಗಲೇ ಹುಬ್ಬಳ್ಳಿಯ ಈಜುಕೊಳಕ್ಕೆ ಸೇರಿ. ನೀರಿನ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೋರ್ಸಿಗೆ ಹೋಗಬೇಡಿ. ಕೋರ್ಸ್ ಮುಗಿದು ಕಾರ್ಡ್ ಬಂದ ಮೇಲೆ ನೀವು 18 ಮೀಟರ್‌ವರೆಗೆ, ನಿಮ್ಮಂಥದೇ ಕಾರ್ಡ್ ಇರುವ ಜೊತೆಗಾರನ ಜೊತೆ, ಇನ್‌ಸ್ಟ್ರಕ್ಟರ್ ಇಲ್ಲದೆಯೂ ಡೈವ್ ಮಾಡಬಹುದು. ಆಗ ಸಾಮಾನು ಜೋಡಿಸುವವರು ನೀವು. ಎಷ್ಟು ಆಳ, ಎಷ್ಟು ಹೊತ್ತು ಅಂತ ತೀರ್ಮಾನಿಸುವವರು ನೀವು. ಮುಂದೆ ಒಬ್ಬ ಗೈಡ್ ಈಜುತ್ತಿದ್ದರೂ ಅವರು ದಾರಿ ತೋರಿಸುವವರು ಅಷ್ಟೇ. ನಿಮ್ಮ ಗಾಳಿ ಎಷ್ಟಿದೆ ಅಂತ ಅವರ ಗೇಜ್‌ನಲ್ಲಿ ಕಾಣುವುದಿಲ್ಲ.

ಈ ಗೇಜ್ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಕ್ಷಮಿಸಿ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅಂತ ಒಂದು ಸಂಸ್ಥೆ ಇದೆ, ಡೈವಿಂಗ್ ಅಪಘಾತಗಳನ್ನು ದಶಕಗಳಿಂದ ಅಧ್ಯಯನ ಮಾಡುತ್ತಿದೆ. ಅವರ ಸಂಶೋಧಕರು 947 ಸಾವುಗಳ ದಾಖಲೆ ಕೂಡಿಸಿ 2008ರಲ್ಲಿ ಒಂದು ವರದಿ ಪ್ರಕಟಿಸಿದರು. ಎಲ್ಲಿಂದ ಎಡವಟ್ಟು ಶುರುವಾಯಿತು ಅಂತ ಗುರುತಿಸಲು ಸಾಧ್ಯವಾದ ಸಾವುಗಳಲ್ಲಿ ಶೇಕಡಾ 41ರಷ್ಟರಲ್ಲಿ ಮೊದಲ ಕೊಂಡಿ ಒಂದೇ. ಗಾಳಿ ಸಾಲದೇ ಹೋಗಿದ್ದು. ಶಾರ್ಕ್ ಅಲ್ಲ, ಸುಳಿ ಅಲ್ಲ. ಎದೆಯ ಪಕ್ಕದಲ್ಲೇ ನೇತಾಡುವ ಗೇಜನ್ನು ನೋಡದೆ ಇದ್ದದ್ದೋ, ನೋಡಿಯೂ ಇನ್ನೈದು ನಿಮಿಷ ಅಂದದ್ದೋ ಅಂತ ಕಾರಣ ಹುಡುಕುತ್ತಾ ಹೋದರೆ ಬಹಳ ಸಲ ಬಂದು ನಿಲ್ಲುವುದು ಅಲ್ಲಿಗೆ.

ಸಿಲಿಂಡರ್ ತುಂಬಿದಾಗ ಗೇಜ್‌ನಲ್ಲಿ ಗಾಳಿಯ ಒತ್ತಡ 200 ಬಾರ್ ಇರುತ್ತದೆ. 50 ಬಾರ್ ಉಳಿದಿರುವಾಗ ಬೋಟಿನಲ್ಲಿ ಇರಬೇಕು. ಈ 50 ನಿಮ್ಮದಲ್ಲ ಅಂತಲೇ ತಿಳಿಯಿರಿ. ಜೊತೆಗಾರನ ಗಾಳಿ ಮುಗಿದರೆ ಅವನನ್ನು ಮೇಲೆ ತರುವ ಗಾಳಿ ಅದು. ಗಾಳಿ ಖರ್ಚಾಗುವುದು ಆಳಕ್ಕೆ ತಕ್ಕಂತೆ. ದಡದ ಮೇಲೆ ಉಸಿರಾಡುವ ಲೆಕ್ಕಕ್ಕೆ ಹೋಲಿಸಿದರೆ 10 ಮೀಟರ್‌ನಲ್ಲಿ ಎರಡರಷ್ಟು ಬೇಗ, 20 ಮೀಟರ್‌ನಲ್ಲಿ ಮೂರರಷ್ಟು ಬೇಗ. ಹೊಸಬರು ಗಾಬರಿಗೆ ಇನ್ನೂ ಬೇಗ ಕುಡಿದುಬಿಡುತ್ತಾರೆ. ಅದರಲ್ಲಿ ನಾಚಿಕೆ ಏನೂ ಇಲ್ಲ. ನನ್ನದು ನಿಮಗಿಂತ ಬೇಗ ಮುಗಿಯಿತಲ್ಲ ಅಂತ ಗೇಜ್ ಮುಚ್ಚಿಟ್ಟುಕೊಳ್ಳುವುದು ಮಾತ್ರ ಅಪಾಯ.

ಇಳಿಯುವ ಮೊದಲಿನ ಒಂದು ಪರೀಕ್ಷೆ ಹೇಳಿಕೊಡುತ್ತೇನೆ, ಜೀವನಪೂರ್ತಿ ಬಿಡಬೇಡಿ. ಬೋಟಿನಲ್ಲಿ ಕೂತು ರೆಗ್ಯುಲೇಟರ್‌ನಿಂದ ಜೋರಾಗಿ ನಾಲ್ಕು ಉಸಿರು ಎಳೆಯಿರಿ. ಎಳೆಯುವಾಗ ಕಣ್ಣು ಗೇಜ್ ಮೇಲೆ ಇರಲಿ. ಮುಳ್ಳು ಅಲ್ಲಾಡದೆ ನಿಂತಿದ್ದರೆ ಸರಿ. ಪ್ರತಿ ಉಸಿರಿಗೂ ಕೆಳಗೆ ಬಿದ್ದು ಮತ್ತೆ ಏರುತ್ತಿದ್ದರೆ ಸಿಲಿಂಡರ್ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ ಅರ್ಥ. ಗೇಜ್ ನೋಡದಿದ್ದರೆ ಮೇಲೆ ಇರುವಾಗ ಅದು ಉಸಿರಿಗೆ ಗೊತ್ತೇ ಆಗುವುದಿಲ್ಲ, 15 ಮೀಟರ್ ಕೆಳಗೆ ಉಸಿರು ಸಿಗದೆ ಒದ್ದಾಡುತ್ತೀರಿ. ವಾಲ್ವ್ ತೆರೆದಿದ್ದು ಬೋಟಿನ ಹುಡುಗ ಇರಬಹುದು. ಉಸಿರಾಡುವುದು ನೀವು.

ಈಗ ನಿಮ್ಮ ಪ್ರಶ್ನೆಯ ನಡುಮಧ್ಯಕ್ಕೆ ಬಂದೆ. ಹೊಣೆ ಅಂದ ಕೂಡಲೇ ನಮಗೆ ಕಾಣುವುದು ಏನಾದರೂ ಆದರೆ ತಪ್ಪು ಯಾರ ತಲೆಗೆ ಅನ್ನುವುದು. ಡೈವರ್‌ನ ಹೊಣೆ ಅದಕ್ಕಿಂತ ಮೊದಲೇ ಶುರುವಾಗುತ್ತದೆ. ಬೇಡ ಅನ್ನುವ ಹಕ್ಕನ್ನು ಸದಾ ಕೈಯಲ್ಲಿಟ್ಟುಕೊಳ್ಳುವುದೇ ಆ ಹೊಣೆ. ನಮ್ಮಲ್ಲಿ ಒಂದು ಹಳೆಯ ನಿಯಮ ಇದೆ. ಯಾವ ಡೈವರ್ ಆಗಲಿ, ಯಾವ ಕ್ಷಣದಲ್ಲಾಗಲಿ, ಯಾವ ಕಾರಣಕ್ಕಾಗಲಿ ಡೈವ್ ನಿಲ್ಲಿಸಬಹುದು. ಯಾರೂ ಯಾಕೆ ಅಂತ ಕೇಳುವಂತಿಲ್ಲ. ನೀರಿನಡಿಯ ಗುಹೆಗಳಲ್ಲಿ ಡೈವ್ ಮಾಡುವವರು ಇದನ್ನು ಚಿನ್ನದ ನಿಯಮ ಅನ್ನುತ್ತಾರೆ. ಅವರಿಗೆ ತಲೆಯ ಮೇಲೆ ಬಂಡೆ, ನೇರ ಮೇಲೆ ಬರುವ ದಾರಿಯೇ ಇಲ್ಲ. ಹಾಗಾಗಿ ಸಾವುಗಳಿಂದಲೇ ಕಲಿತ ನಿಯಮಗಳು ಅವರವು.

ನಿಲ್ಲಿಸುವ ಸನ್ನೆ ಹೆಬ್ಬೆರಳು ಮೇಲೆತ್ತುವುದು. ದಡದಲ್ಲಿ ಅದಕ್ಕೆ ಸೂಪರ್ ಅನ್ನುವ ಅರ್ಥ. ನೀರಿನಲ್ಲಿ, ಮೇಲೆ ಹೋಗೋಣ ಅಂತ. ಸರಿ ಇದೆ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಹೊಸಬರು ಮೀನಿನ ಹಿಂಡು ಕಂಡ ಖುಷಿಗೆ ಹೆಬ್ಬೆರಳು ಎತ್ತುತ್ತಾರೆ. ನಾನು ತಕ್ಷಣ ಮೇಲೆ ಕರೆತರುತ್ತೇನೆ. ಮೇಲೆ ಬಂದು ಯಾಕೆ ಸರ್ ಅಂದಾಗ ವಿವರಿಸಿ ಮತ್ತೆ ಇಳಿಯುತ್ತೇವೆ. ನಾಲ್ಕು ನಿಮಿಷ ಹೋದರೂ ಪರವಾಗಿಲ್ಲ. ಹೆಬ್ಬೆರಳು ಎತ್ತಿದರೆ ನಿಜಕ್ಕೂ ಮೇಲೆ ಬರುತ್ತೇವೆ ಅನ್ನುವ ನಂಬಿಕೆ ಅವರಿಗೆ ಬರಬೇಕು.

ಒಂದು ಸಲ ದಾವಣಗೆರೆ ಕಡೆಯ ಒಬ್ಬ ತಾಯಿ ಮಗನ ಜೊತೆ ಬಂದಿದ್ದರು. 50 ದಾಟಿತ್ತು, ಡಾಕ್ಟರ ಚೀಟಿ ಇತ್ತು, ಈಜು ಬರುತ್ತಿತ್ತು. ಎರಡು ಮೀಟರ್ ಇಳಿದಿದ್ದೆವು ಅಷ್ಟೇ, ಹೆಬ್ಬೆರಳು ಎತ್ತಿದರು. ಕಣ್ಣಲ್ಲಿ ಗಾಬರಿ ಇರಲಿಲ್ಲ. ಮೇಲೆ ಬಂದೆವು. ಸಾಕು ಸರ್, ನನಗೆ ಇದು ಒಗ್ಗುತ್ತಿಲ್ಲ ಅಂದರು. ಮಗ ಬೋಟಿನಿಂದಲೇ ಕೂಗಿದ, ಅಮ್ಮ ದುಡ್ಡು ಕೊಟ್ಟಾಗಿದೆ, ಇನ್ನೊಂದು ಸಲ ನೋಡು ಅಂತ. ಅವರು ಏಣಿ ಹತ್ತಿ ಟವೆಲ್ ಹೊದ್ದುಕೊಂಡು, ದುಡ್ಡು ಹೋಗಲಿ ಬಿಡೋ, ಕಡಲು ನೋಡಿದೆನಲ್ಲ ಅಂದು ಕೂತರು. ನಾನು ಕಲಿಸಿದ ನೂರಾರು ಜನರಲ್ಲಿ ಅವರನ್ನು ಒಳ್ಳೆಯ ಡೈವರ್ ಅಂತಲೇ ನೆನಪಿಟ್ಟುಕೊಂಡಿದ್ದೇನೆ. ಕೊಟ್ಟ ದುಡ್ಡು, ಹಾಕಿದ ರಜೆ, ಕಾಯುತ್ತಿರುವ ಗೆಳೆಯರು, ಹಾಕಬೇಕಾದ ಸ್ಟೇಟಸ್. ಇವೇ ಜನರನ್ನು ಕೆಳಗೆ ಎಳೆಯುವ ನಿಜವಾದ ಸೆಳೆತ. ಅದರ ಎದುರು ಅವರು ಈಜಿದರು.

ನಾನು ಈಜಲಿಲ್ಲ. ಹೇಳುತ್ತೇನೆ ಅಂದಿದ್ದ ಕತೆ ಇದು. ಇನ್‌ಸ್ಟ್ರಕ್ಟರ್ ಆಗುವ ಮೊದಲು ಅಂಡಮಾನ್‌ನಲ್ಲಿ ಡೈವ್ ಮಾಡುತ್ತಿದ್ದಾಗ ನೆಗಡಿ ಬಂದಿತ್ತು. ಮೂಗು ಕಟ್ಟಿತ್ತು. ಇನ್ನೆರಡೇ ದಿನ ಉಳಿದಿತ್ತು, ಬಿಡಲು ಮನಸ್ಸಾಗಲಿಲ್ಲ. ಮೂಗು ಬಿಡಿಸುವ ಮಾತ್ರೆ ನುಂಗಿ ಬೋಟು ಹತ್ತಿದೆ. ಗೈಡ್ ಕೇಳಿದರು, ಆರಾಮ ಇದ್ದೀಯಾ? ಆರಾಮ ಅಂದೆ. ಇಳಿಯುವಾಗ ಕಿವಿ ಚೆನ್ನಾಗಿಯೇ ಬಿಟ್ಟಿತು. ಕೆಳಗಿದ್ದಾಗ ಮಾತ್ರೆಯ ಪ್ರಭಾವ ಇಳಿದುಹೋಯಿತು. ಮೇಲೆ ಬರುವಾಗ ಕಿವಿಯೊಳಗೆ ಹಿಗ್ಗುತ್ತಿದ್ದ ಗಾಳಿಗೆ ಹೊರಗೆ ಬರಲು ದಾರಿ ಇಲ್ಲ. ಸೂಜಿಯಿಂದ ಒಳಗಿನಿಂದ ಚುಚ್ಚಿದ ಹಾಗೆ ನೋವು. ಒಂದು ಅಡಿ ಮೇಲೆ ಬಂದರೆ ತಡೆಯಲಾಗದು, ಕೆಳಗೇ ಇರೋಣ ಅಂದರೆ ಗಾಳಿ ಕಡಿಮೆಯಾಗುತ್ತಿದೆ. ಗೈಡ್ ನನ್ನ ಕೈ ಹಿಡಿದು ಇಂಚಿಂಚಾಗಿ ಮೇಲೆ ತಂದರು. ಮಾಸ್ಕ್‌ನಲ್ಲಿ ರಕ್ತ ಇತ್ತು. ಆರು ವಾರ ನೀರು ಮುಟ್ಟಲಿಲ್ಲ, ಎಡ ಕಿವಿ ಈಗಲೂ ಸ್ವಲ್ಪ ಮಂದ. ಅವತ್ತು ಗೈಡ್ ತಮ್ಮ ಗಾಳಿಯನ್ನೂ ಸಮಯವನ್ನೂ ನನ್ನ ಸುಳ್ಳಿಗೆ ಖರ್ಚು ಮಾಡಿದರು. ಉಳಿದ ಇಬ್ಬರು ಡೈವರ್‌ಗಳು ಗೈಡ್ ಇಲ್ಲದೆ ಉಳಿದರು. ನನ್ನ ಅಪಾಯ ನನ್ನದು ಅಂತ ನಾನು ಅಂದುಕೊಂಡಿದ್ದೆ. ನೀರಿನಲ್ಲಿ ಹಾಗೆ ಒಬ್ಬನದೇ ಅಪಾಯ ಅಂತ ಇರುವುದಿಲ್ಲ. ನಿಮಗೆ ಏನಾದರೂ ಆದರೆ ಮೊದಲು ಕೆಳಗೆ ಇಳಿದು ಬರುವವರು ನಿಮ್ಮ ಜೊತೆಗಾರ.

ಡೈವ್ ಮುಗಿದ ಮೇಲೂ ನಿಮ್ಮ ಕೆಲಸ ಮುಗಿದಿರುವುದಿಲ್ಲ. ಕೆಳಗೆ ಉಸಿರಾಡಿದ ಗಾಳಿಯ ಸಾರಜನಕ ಮೈಯಲ್ಲಿ ಕರಗಿಕೊಂಡಿರುತ್ತದೆ. ನಿಧಾನವಾಗಿ ಹೊರಗೆ ಹೋಗಲು ಬಿಟ್ಟರೆ ತೊಂದರೆ ಇಲ್ಲ. ಒತ್ತಡ ಒಮ್ಮೆಲೇ ಇಳಿದರೆ ಗೋಲಿ ಸೋಡಾ ಒಡೆದಾಗ ಬುಸ್ ಅಂತ ಗುಳ್ಳೆ ಏಳುವಂತೆ ಮೈಯೊಳಗೇ ಗುಳ್ಳೆ ಏಳಬಹುದು. ಅದಕ್ಕೇ ನಿಧಾನಕ್ಕೆ ಮೇಲೆ ಬರುವುದು, 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲುವುದು. ಅದಕ್ಕೇ ವಿಮಾನದ ನಿಯಮವೂ. ಒಂದೇ ಡೈವ್ ಮಾಡಿದ್ದರೆ ಕಡಿಮೆ ಎಂದರೆ 12 ಗಂಟೆ, ದಿನಕ್ಕೆ ಹಲವು ಅಥವಾ ಹಲವು ದಿನ ಮಾಡಿದ್ದರೆ 18 ಗಂಟೆ ವಿಮಾನ ಹತ್ತಬಾರದು. ಅಂಡಮಾನ್‌ನಿಂದ ಹೊರಡುವ ಹಿಂದಿನ ದಿನವನ್ನು ಪೂರ್ತಿ ಖಾಲಿ ಇಟ್ಟುಕೊಂಡೇ ಟಿಕೆಟ್ ಮಾಡಿಸಿ.

ನಮ್ಮ ಕಡೆಯವರು ಮರೆಯುವುದು ಘಟ್ಟವನ್ನು. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲಿದೆ. ಹುಬ್ಬಳ್ಳಿಯೂ 600 ಮೀಟರ್‌ಗಿಂತ ಮೇಲಿದೆ. ನೇತ್ರಾಣಿಯಲ್ಲಿ ಮಧ್ಯಾಹ್ನ ಡೈವ್ ಮುಗಿಸಿ, ಊಟ ಮಾಡಿ, ಅವತ್ತೇ ಕಾರು ಹತ್ತಿ ಘಟ್ಟ ಏರುವುದು ಸಣ್ಣ ವಿಮಾನ ಹತ್ತಿದ ಹಾಗೆ. 12 ಮೀಟರ್‌ನ ಒಂದು ಚಿಕ್ಕ ಡೈವ್‌ಗೆ ಅಪಾಯ ಕಡಿಮೆ, ನಿಜ. ಎರಡು ಮೂರು ಡೈವ್ ಮಾಡಿದವರು ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯುವುದು ಒಳ್ಳೆಯದು. ಇದನ್ನು ಯಾವ ಇನ್‌ಸ್ಟ್ರಕ್ಟರ್ ಬಂದು ನೋಡುವುದಿಲ್ಲ, ಪೂರ್ತಿ ನಿಮ್ಮ ಮೇಲೆ ಬಿಟ್ಟದ್ದು.

ಕೊನೆಗೆ ನಿಮ್ಮ ಅವ್ವ. ಏನೂ ಆಗೋದಿಲ್ಲ ಅವ್ವ ಅಂತ ಹೇಳಬೇಡಿ. ಅದು ಇನ್ನೊಂದು ‘ಇಲ್ಲ’ ಟಿಕ್ ಆಗುತ್ತದೆ. ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ವಿಮೆ ಮಾಡಿಸಿದ್ದ ಸದಸ್ಯರಲ್ಲಿ ಒಂದು ಲಕ್ಷ ಜನಕ್ಕೆ ವರ್ಷಕ್ಕೆ ಸುಮಾರು 16 ಸಾವು ಅನ್ನುವ ಲೆಕ್ಕ ಇದೆ. ಆ ಸಂಖ್ಯೆಯನ್ನು ಅವರಿಗೆ ಹೇಳಿ. ಅದರಲ್ಲಿ ಎಷ್ಟೋ ಸಾವು ಗೇಜ್ ನೋಡಿದ್ದರೆ, ಹೃದಯದ ತಪಾಸಣೆ ಮಾಡಿಸಿದ್ದರೆ, ಒಂದು ಡೈವ್ ಬಿಟ್ಟಿದ್ದರೆ ತಪ್ಪುತ್ತಿತ್ತು ಅಂತಲೂ ಹೇಳಿ. ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಚಿಕ್ಕಂದಿನಲ್ಲಿ ನಿಮಗೆ ಉಬ್ಬಸ ಎಷ್ಟು ಜೋರಿತ್ತು, ರಾತ್ರಿ ಎಷ್ಟು ಸಲ ಎದ್ದು ಕೂರುತ್ತಿದ್ದಿರಿ ಅನ್ನುವುದು ನಿಮಗಿಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಡಾಕ್ಟರಿಗೆ ಬೇಕಾದ ಮಾಹಿತಿಯೂ ಅದೇ. ಡಾಕ್ಟರು ಬೇಡ ಅಂದರೆ ಅಂಡಮಾನ್‌ಗೆ ಹೋಗಿ ಉಸಿರಾಡುವ ಕೊಳವೆ ಸ್ನಾರ್ಕೆಲ್ ಕಟ್ಟಿಕೊಂಡು ನೀರಿನ ಮೇಲೆ ತೇಲುತ್ತಾ ಹವಳ ನೋಡಿ. ಅದಕ್ಕೂ ಒಮ್ಮೆ ಅವರನ್ನೇ ಕೇಳಿಕೊಳ್ಳಿ, ಇನ್‌ಹೇಲರ್ ಬೋಟಿನಲ್ಲಿ ಇರಲಿ. ಆಗಬಹುದು ಅಂದರೆ ಆ ಚೀಟಿಯ ಎರಡು ಜೆರಾಕ್ಸ್ ಮಾಡಿಸಿಕೊಳ್ಳಿ. ಒಂದನ್ನು ಟಿಕೆಟ್ ಮಾಡಿಸುವ ಮೊದಲೇ ಡೈವ್ ಸೆಂಟರ್‌ಗೆ ಕಳಿಸಿ, ಫಾರಂ ಕೂಡ ಈಗಲೇ ತರಿಸಿಕೊಂಡು ಮನೆಯಲ್ಲಿ ಕೂತು ಓದಿ. ಅರ್ಥವಾಗದ ಸಾಲುಗಳ ಪಕ್ಕ ಗೆರೆ ಎಳೆದಿಟ್ಟುಕೊಳ್ಳಿ. ಹೊರಡುವ ಮೊದಲೇ ಅವರಿಗೆ ಫೋನು ಮಾಡಿ ಒಂದೊಂದಾಗಿ ಕೇಳಿ.